ರೇಡ್ ಕಾರ್ಡ್ ಕೊಳ್ಳುವ ಮೊದಲು ನಾವು ಕೇಳಿದ ಮೂರು ಪ್ರಶ್ನೆ

ಹುಂಚದ ನಮ್ಮ ಸಣ್ಣ ಕೋಣೆಯಲ್ಲಿ ಲಿನಕ್ಸ್ ಹಾಕಿದ ಒಂದು ಹಳೆಯ ಸರ್ವರ್ ಇದೆ. ಅದರ ತುಂಬ ಇರುವುದು ಮುಳುಗಡೆಯವರ ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಮನೆ, ಗದ್ದೆ, ತೋಟ ಶರಾವತಿಗೆ ಬಿಟ್ಟು ಬಂದವರನ್ನು ಸುದ್ದಿಗೆ ಹೋದಾಗಲೆಲ್ಲ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದೇವೆ. ಅವರಲ್ಲಿ ಹಲವರು ಈಗಿಲ್ಲ. ಇಲ್ಲಿನ ಪಂಚಕೂಟ ಬಸದಿಯ 1077ರ ಶಾಸನವನ್ನು ಇವತ್ತಿಗೂ ಓದಬಹುದು. ಹಾರ್ಡ್ ಡಿಸ್ಕಿಗೆ ಅಂಥ ಆಯುಷ್ಯ ಇಲ್ಲ.

ಹಾಗಾಗಿ ರೇಡ್ ಮಾಡಬೇಕೆಂದು ಹೊರಟೆವು. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಜೋಡಿಸಿ, ಒಂದು ಕೆಟ್ಟರೂ ಫೈಲು ಉಳಿಯುವಂತೆ ಮಾಡುವ ಏರ್ಪಾಡು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರ ಪ್ರಬಂಧದಲ್ಲಿ ಈ ಹೆಸರು ಕೊಟ್ಟರು. ಈ ಕೆಲಸವನ್ನು ಪ್ರತ್ಯೇಕ ಕಾರ್ಡಿಗೆ ವಹಿಸಬಹುದು, ಇಲ್ಲವೇ ಲಿನಕ್ಸಿಗೇ ಬಿಡಬಹುದು. ಕಾರ್ಡೇ ಒಳ್ಳೆಯದೆಂದು ನಮ್ಮಲ್ಲಿ ಕೆಲವರ ವಾದ. ಕೊಳ್ಳುವ ಮೊದಲು ಮೂರು ಪ್ರಶ್ನೆ ಹಾಕಿಕೊಂಡೆವು.

ಒಂದು, ಕರೆಂಟು ಹೋದರೆ? ವೇಗಕ್ಕಾಗಿ ಕಾರ್ಡು ಫೈಲನ್ನು ಮೊದಲು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ಡಿಸ್ಕಿಗೆ ಆಮೇಲೆ ಬರೆಯುತ್ತದೆ. ನಡುವೆ ಕರೆಂಟು ಹೋದರೆ ಆ ಮೆಮೊರಿ ಕಾಯಲು ಕಾರ್ಡಿಗೇ ಬ್ಯಾಟರಿ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಬ್ಯಾಟರಿ ಇಲ್ಲದ ಕಾರ್ಡನ್ನು ಹೀಗೆ ಓಡಿಸುವಂತಿಲ್ಲ.

ಎರಡು, ಲಿನಕ್ಸಿಗೆ ಈ ಕಾರ್ಡಿನ ಪರಿಚಯ ಇದೆಯೇ? ಮೆಗಾರೈಡ್ ಕಾರ್ಡುಗಳ ಡ್ರೈವರ್ ಕರ್ನಲ್‌ನಲ್ಲೇ ಬರುತ್ತದೆ. ಆದರೆ ರೆಡ್ ಹ್ಯಾಟ್ 8ನೇ ಆವೃತ್ತಿ ಬಂದಾಗ ಕೆಲವು ಹಳೆಯ ಕಾರ್ಡುಗಳನ್ನು ಕೈಬಿಟ್ಟರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾಡೆಲ್ ನಂಬರ್ ನೋಡಲೇಬೇಕು. ತೀರಾ ಅಗ್ಗದ ಕಾರ್ಡುಗಳಲ್ಲಿ ರೇಡ್ ಎಂಬುದು ಹೆಸರಿಗೆ ಮಾತ್ರ, ದುಡಿಯುವುದು ಕಂಪ್ಯೂಟರೇ.

ಮೂರು, ಕಾರ್ಡೇ ಸತ್ತರೆ? ಡಿಸ್ಕುಗಳೆಲ್ಲ ಚೆನ್ನಾಗಿದ್ದರೂ ಅವನ್ನು ಓದಲು ಸಾಮಾನ್ಯವಾಗಿ ಅದೇ ಬಗೆಯ ಇನ್ನೊಂದು ಕಾರ್ಡು ಬೇಕು. ಹತ್ತು ವರ್ಷದ ನಂತರ ಅದು ಶಿವಮೊಗ್ಗದಲ್ಲೂ ಸಿಗಲಿಕ್ಕಿಲ್ಲ.

ಮೂರನೆಯ ಪ್ರಶ್ನೆಗೆ ವಾದ ಮುಗಿಯಿತು. ಡಿಸ್ಕುಗಳನ್ನು ಸುಮ್ಮನೆ ಜೋಡಿಸಿಕೊಡುವ ಸಾದಾ ಕಾರ್ಡು ತಂದು, ರೇಡ್ ಕೆಲಸವನ್ನು ಲಿನಕ್ಸಿನ ಎಂಡಿಎಡಿಎಂಗೆ ಕೊಟ್ಟೆವು. ಸರ್ವರ್ ಕೆಟ್ಟರೆ ಡಿಸ್ಕುಗಳನ್ನು ಬೇರೊಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಓದಬಹುದು. 4 ಟಿಬಿಯ ನಾಲ್ಕು ಡಿಸ್ಕಿಗೆ ರೇಡ್ 6 ಮಾಡಿದ್ದೇವೆ. ಬಳಸಲು ಸಿಗುವುದು 8 ಟಿಬಿಯಷ್ಟೇ, ಆದರೆ ಯಾವ ಎರಡು ಡಿಸ್ಕ್ ಕೆಟ್ಟರೂ ಮಾತು ಉಳಿಯುತ್ತದೆ. ಕರೆಂಟು ಹೋದರೆ ಸರ್ವರ್ ತಾನೇ ಸರಿಯಾಗಿ ಆಫ್ ಆಗುವಂತೆ ಯುಪಿಎಸ್‌ಗೆ ಜೋಡಿಸಿದ್ದೇವೆ. ಹಗಲಿರುಳು ಬರೆಯುವ ಬ್ಯಾಂಕಿನಂಥ ಕಡೆ ಬ್ಯಾಟರಿ ಇರುವ ಕಾರ್ಡೇ ಸರಿ. ನಮ್ಮದು ಇಟ್ಟುಕೊಳ್ಳುವ ಕೆಲಸ.

ಎಂಥ ರೇಡ್ ಇದ್ದರೂ, ಕೈತಪ್ಪಿ ಡಿಲೀಟ್ ಆದ ಫೈಲು ಎಲ್ಲ ಡಿಸ್ಕಿನಿಂದಲೂ ಹೋಗುತ್ತದೆ. ಸಿಡಿಲು ಬಡಿದರೆ ನಾಲ್ಕೂ ಒಟ್ಟಿಗೇ ಹೋಗಬಹುದು. ಅದಕ್ಕೇ ಇನ್ನೊಂದು ಪ್ರತಿ ತೀರ್ಥಹಳ್ಳಿಯ ಗೆಳೆಯರ ಮನೆಯಲ್ಲಿದೆ. ನಿಮ್ಮ ಅಜ್ಜಿಯ ಹಾಡೋ, ಅಜ್ಜನ ಮಾತೋ ಒಂದೇ ಫೋನಿನಲ್ಲಿದ್ದರೆ ಇವತ್ತೇ ಇನ್ನೊಂದು ಮನೆಗೆ ಒಂದು ಪ್ರತಿ ಕೊಟ್ಟುಬಿಡಿ. ಅದಕ್ಕೆ ಕಾರ್ಡೂ ಬೇಡ, ಸರ್ವರೂ ಬೇಡ.