ಕಡಲ ಮೇಲೊಂದು ತೇಲುವ ಊರು

ಕಡಲಿನಿಂದ ದೂರವಿರುವ ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯ ಮಕ್ಕಳಿಗೆ ಹಡಗೆಂದರೆ ಪುಸ್ತಕದಲ್ಲಿನ ಚಿತ್ರ. ಮುಂಬಯಿ ಬಂದರಿನಲ್ಲಿ ಮಾತ್ರ 2021ರ ಸೆಪ್ಟೆಂಬರಿನಲ್ಲಿ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಎಂಬ ವಿಹಾರನೌಕೆ ಕುಟುಂಬಗಳನ್ನು ಹೊತ್ತು ಗೋವಾ, ಲಕ್ಷದ್ವೀಪಗಳತ್ತ ಯಾನ ಆರಂಭಿಸಿತು. ಭಾರತಕ್ಕೆ ಹೊಸದಾದರೂ ಇದು 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಉದ್ದ ಸುಮಾರು 211 ಮೀಟರ್, ಅಂದರೆ ಒಂದು ಫರ್ಲಾಂಗಿಗಿಂತ ತುಸು ಹೆಚ್ಚು, ಅಂತಸ್ತುಗಳು 11. ಈಜುಕೊಳ, ರಂಗಮಂದಿರ, ಭೋಜನಶಾಲೆ, ಮಕ್ಕಳ ಆಟದ ಕೋಣೆ, ಹತ್ತಿ ಆಡಲು ಕೃತಕ ಬಂಡೆ, ಎಲ್ಲವೂ ಹಡಗಿನಲ್ಲೇ!

ಇದರ ‘ಗ್ರಾಸ್ ಟನೇಜ್’ 48,563 ಎಂದು ಓದಿದವರು ಅದನ್ನು ತೂಕವೆಂದು ತಿಳಿಯುವುದುಂಟು. ಅದು ತೂಕವಲ್ಲ, ಒಳಗಿನ ಜಾಗದ ಅಳತೆ. ಆ ಜಾಗದ ಬಹುಪಾಲು ಗಾಳಿ. ಹೀಗಾಗಿ ಹಡಗಿನ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆ. ತನ್ನ ತೂಕದಷ್ಟೇ ನೀರನ್ನು ಸರಿಸಿ ಉಕ್ಕಿನ ಹಡಗೂ ತೇಲುತ್ತದೆ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳನ್ನು ಅತಿ ಎತ್ತರಕ್ಕೆ ಹೇರಿದ ಚಕ್ಕಡಿ ತಿರುವಿನಲ್ಲಿ ವಾಲುತ್ತದೆ. ಹಡಗು ಹಾಗೆ ವಾಲದಿರಲೆಂದೇ ಭಾರವಾದ ಎಂಜಿನ್, ಇಂಧನದ ತೊಟ್ಟಿಗಳು ತಳದಲ್ಲಿರುತ್ತವೆ.

ಇಂಥ ಪ್ರವಾಸದ ಖರ್ಚು ಎಲ್ಲ ಮನೆಗೂ ಎಟುಕದು. ಆದರೆ ಒಂದು ಬಕೆಟ್ ನೀರು, ಒಂದು ಸ್ಟೀಲ್ ಬಟ್ಟಲು, ಒಂದು ಚಮಚ ಎಲ್ಲರಲ್ಲೂ ಇವೆ. ಚಮಚ ಮುಳುಗುತ್ತದೆ, ಬಟ್ಟಲು ತೇಲುತ್ತದೆ. ಬಟ್ಟಲಿಗೆ ಒಂದೊಂದೇ ಹರಳು ಹಾಕುತ್ತ, ಎಷ್ಟಕ್ಕೆ ಮುಳುಗುತ್ತದೆಂದು ಮಕ್ಕಳು ಎಣಿಸಲಿ. ತಂದೆತಾಯಂದಿರೂ ಜೊತೆಗೆ ಕೂರಲಿ.