ಬಿಸಿ ಎಂಜಿನಿಗೆ ತಣ್ಣನೆಯ ಪ್ಲಗ್ಗು

ಕೇಳದವರಿಗೆ ಸಲಹೆ ಕೊಡುವುದು ವಯಸ್ಸಾದವರ ಕಾಯಿಲೆ ಎನ್ನುತ್ತಾರೆ. ನನ್ನದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಕೇಳಿದವನಿಗೇ, ಅದೂ ಹೆತ್ತ ಮಗನಿಗೇ, ತಪ್ಪು ಸಲಹೆ ಕೊಟ್ಟವನು ನಾನು.

1986ರಲ್ಲಿ ಕುಂದಾಪುರದಿಂದ ಮುಂಬಯಿಗೆ ಬಂದ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕುರ್ಲಾದಲ್ಲಿ ಒಂದು ಪುಟ್ಟ ಗ್ಯಾರೇಜು ನಡೆಸಿದೆ. ಗಿರಾಕಿಗಳು ಹೆಚ್ಚಾಗಿ ಪದ್ಮಿನಿ ಟ್ಯಾಕ್ಸಿಯವರು. 1089 ಸಿ.ಸಿ. ಎಂಜಿನು, ಸುಮಾರು 40 ಅಶ್ವಶಕ್ತಿ, ಪಾಪದ ಪ್ರಾಣಿ. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳು ಮುಂಬಯಿಯ ರಸ್ತೆಯಿಂದ ಮರೆಯಾದಾಗ ಮನೆಯ ಹಿರಿಯರೊಬ್ಬರು ಹೋದಂತೆ ನನಗಾಯಿತು. ಆಗೆಲ್ಲ ಪ್ಲಗ್ಗಿನ ಡಬ್ಬಿಯ ಮೇಲೆ ‘ಮೈಕೋ’ ಎಂಬ ಹೆಸರು ಕಂಡರೆ ಊರವರನ್ನು ಕಂಡಷ್ಟು ಸಂತೋಷ. 1951ರಲ್ಲಿ ಹುಟ್ಟಿದ, ನಮ್ಮ ಬೆಂಗಳೂರಿನ ಕಂಪನಿ ಅದು. 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡಿತು. ಆ ಪ್ಲಗ್ಗುಗಳಿಂದ ನಾನು ಕಲಿತ ಪಾಠ ಒಂದೇ: ಡಬ್ಲ್ಯು 7ಕ್ಕಿಂತ ಡಬ್ಲ್ಯು 5 ತಣ್ಣಗಿನದು. ಸಂಖ್ಯೆ ಇಳಿದಷ್ಟೂ ಪ್ಲಗ್ಗು ತಣ್ಣಗೆ.

ಪುಣೆಯಲ್ಲಿರುವ ಮಗ ಕಳೆದ ವರ್ಷ ಒಂದು ಹಳೆಯ ಟರ್ಬೊ ಪೆಟ್ರೋಲ್ ಕಾರು ಕೊಂಡ. 1800 ಸಿ.ಸಿ., ಕಂಪನಿ ಕೊಟ್ಟ ಶಕ್ತಿ 150. ಅದು ಸಾಲದೆಂದು ದೊಡ್ಡ ಟರ್ಬೊ ಹಾಕಿಸಿ 240ಕ್ಕೆ ಏರಿಸಿದ. ಒಂದು ರಾತ್ರಿ ಫೋನು ಬಂತು: “ಅಪ್ಪಯ್ಯ, ಪ್ಲಗ್ಗು ಯಾವುದು ಹಾಕಲಿ? ಈಗ ಇರುವುದು 6.” ಮಗ ಹತ್ತು ವರ್ಷದ ಮೇಲೆ ನನ್ನ ವೃತ್ತಿಯ ವಿಷಯ ಕೇಳಿದ್ದ. ಹಿಗ್ಗಿ ಹೋದೆ. “ಶಕ್ತಿ ಹೆಚ್ಚಿಸಿದ ಮೇಲೆ ತಣ್ಣನೆಯ ಪ್ಲಗ್ಗೇ ಬೇಕು ಮಗಾ. ಒಂದು ನಂಬರು ಇಳಿಸು” ಎಂದೆ.

ತಣ್ಣನೆಯ ಪ್ಲಗ್ಗು ಎಂದರೆ ಅದರ ಕಿಡಿ ತಣ್ಣಗೆ ಎಂದಲ್ಲ. ಪ್ಲಗ್ಗಿನ ತುದಿ ತನ್ನ ಶಾಖವನ್ನು ಎಷ್ಟು ಬೇಗ ಎಂಜಿನಿನ ಹೆಡ್ಡಿಗೆ ದಾಟಿಸುತ್ತದೆ ಎಂಬುದಷ್ಟೇ ಲೆಕ್ಕ. ಒಳಗಿನ ಪಿಂಗಾಣಿಯ ಮೂಗು ಉದ್ದವಿದ್ದರೆ ಶಾಖ ದೂರ ನಡೆಯಬೇಕು. ಅದು ಬಿಸಿ ಪ್ಲಗ್ಗು. ಮೂಗು ಗಿಡ್ಡವಿದ್ದರೆ ಶಾಖ ಬೇಗ ದಾಟುತ್ತದೆ, ಅದು ತಣ್ಣನೆಯದು. ದೋಸೆಯ ಕಾವಲಿಯನ್ನು ನೆನೆಯಿರಿ. ಕಾಯದಿದ್ದರೆ ದೋಸೆ ಏಳದು, ಅತಿಯಾಗಿ ಕಾದರೆ ಕರಕಲು. ಪ್ಲಗ್ಗಿನ ತುದಿಯೂ ಹಾಗೆಯೇ. ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಅದರ ಮೇಲೆ ಮಸಿ ಕೂರುತ್ತದೆ. 850 ದಾಟಿದರೆ ಅದೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಎದುರಿನಿಂದ ಸ್ಫೋಟ! ಟರ್ಬೊ ಎಂಬುದು ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ ಸಿಲಿಂಡರಿಗೆ ಗಾಳಿ ತುರುಕುವ ಯಂತ್ರ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು, ಶಾಖವೂ ಹೆಚ್ಚು. ಆದ್ದರಿಂದ 75ರಿಂದ 100 ಅಶ್ವಶಕ್ತಿ ಹೆಚ್ಚಿಸಿದರೆ ಒಂದು ಮೆಟ್ಟಿಲು ತಣ್ಣನೆಯ ಪ್ಲಗ್ಗು ಎಂಬುದು ವಾಡಿಕೆಯ ಲೆಕ್ಕ.

ನನ್ನ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಬೇರೆ ಕಡೆ.

ಮುಂದಿನ ತಿಂಗಳು ಮಗ ಸಂಸಾರ ಸಮೇತ ಬಂದು ನನ್ನನ್ನು ಪುಣೆಗೆ ಕರೆದೊಯ್ದ. ಖೋಪೋಲಿ ದಾಟಿ ಘಾಟಿ ಏರುವಾಗ ಹಿಂದಿನ ಸೀಟಿನಿಂದ ಮೊಮ್ಮಗ “ಜೋರು ಪಪ್ಪಾ, ಜೋರು!” ಎಂದ. ಮಗ ಒತ್ತಿದ. ಟರ್ಬೊ ಸಿಳ್ಳೆ ಹಾಕಿತು. ಅದರ ಹಿಂದೆಯೇ, ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂಥ ಸದ್ದು. ಮೂವತ್ತು ವರ್ಷದ ಕಿವಿ ಮೋಸ ಹೋಗಲಿಲ್ಲ. “ಕಾಲು ತೆಗಿ! ಬದಿಗೆ ಹಾಕು!” ಎಂದು ಕೂಗಿದೆ.

ಎಂಜಿನು ತಣಿಯುವವರೆಗೆ ಕಾದು ಪ್ಲಗ್ಗು ಬಿಚ್ಚಿದೆವು. ಆರೋಗ್ಯವಾದ ಪ್ಲಗ್ಗಿನ ಪಿಂಗಾಣಿ ತಿಳಿಗಂದು ಬಣ್ಣಕ್ಕಿರಬೇಕು. ಇದು ಸುಣ್ಣದಷ್ಟು ಬಿಳಿ. ಅದರ ಮೇಲೆ ಸಾಸಿವೆಗಿಂತ ಸಣ್ಣ, ಬೆಳ್ಳಿಯಂತೆ ಹೊಳೆಯುವ ಚುಕ್ಕೆಗಳು. ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಇನ್ನು ಸ್ವಲ್ಪ ಹೊತ್ತು ಹಾಗೆಯೇ ಎಳೆದಿದ್ದರೆ ಪಿಸ್ಟನ್ ತೂತಾಗಿ, ಲಾರಿಗಳು ಓಡಾಡುವ ಆ ತಿರುವಿನಲ್ಲಿ ಕಾರು ನಿಂತೇಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿ ಮೊಮ್ಮಗ.

ಮಗ ತನ್ನ ಮೊಬೈಲಿನಲ್ಲಿ ಏನನ್ನೋ ನೋಡಿ ಮೆಲ್ಲಗೆ ಹೇಳಿದ: “ಅಪ್ಪಯ್ಯ, ಇದು ಜಪಾನಿನ ಪ್ಲಗ್ಗು. ಇದರಲ್ಲಿ ನಂಬರು ಏರಿದರೆ ತಣ್ಣಗೆ.”

ಎನ್‌ಜಿಕೆ, ಡೆನ್ಸೊಗಳ ಲೆಕ್ಕ ಬಾಷ್‌ನ ಲೆಕ್ಕಕ್ಕೆ ತಿರುಗುಮುರುಗು. 7 ಹಾಕಬೇಕಾದಲ್ಲಿ ನಾನು 5 ಹಾಕಿಸಿದ್ದೆ. ಒಂದು ಮೆಟ್ಟಿಲಿಗೆ ತುದಿಯ ಬಿಸಿ 70ರಿಂದ 100 ಡಿಗ್ರಿಯಷ್ಟು ವ್ಯತ್ಯಾಸ. ಇಲ್ಲಿ ಎರಡು ಮೆಟ್ಟಿಲು. ಬ್ರಾಂಡು ಯಾವುದೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಅಪ್ಪಯ್ಯ ಹೇಳಿದ ಮೇಲೆ ಮತ್ತೊಮ್ಮೆ ನೋಡುವ ಮನಸ್ಸು ಅವನಿಗೆ ಬರಲಿಲ್ಲ. ಅವನ ನಂಬಿಕೆಯೇ ನನ್ನನ್ನು ಹೆಚ್ಚು ಚುಚ್ಚಿತು. ಆ ಘಾಟಿಯಲ್ಲಿ ಅವನು ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಟರ್ಬೊ ಎಚ್ಚರಗೊಳ್ಳದಂತೆ ನಿಧಾನವಾಗಿ ಪುಣೆ ಸೇರಿದೆವು. ಕಂಪ್ರೆಶನ್ ನೋಡಿಸಿದರೆ ನಾಲ್ಕೂ ಸಿಲಿಂಡರು ಸರಿಸಮ. ದೇವರು ದೊಡ್ಡವನು. ಹೆದರಿದ ಮಗ “8 ಹಾಕಿಬಿಡೋಣ” ಎಂದ. ನಾನು ಈ ಸಲ ಯೋಚಿಸಿ ಹೇಳಿದೆ: “ದಿನಾ ಆಫೀಸಿಗೆ ತೆವಳಿಕೊಂಡು ಹೋಗುವ ಕಾರಿಗೆ ಅತಿ ತಣ್ಣನೆಯದು ಹಾಕಿದರೆ ಮಸಿ ಕೂತು ಮಿಸ್ ಹೊಡೆಯುತ್ತದೆ. ಆದರೂ ನನ್ನ ಮಾತೇ ಕೊನೆಯಲ್ಲ. ಕಂಪನಿಯ ಪಟ್ಟಿ ತೆಗೆ, ನೋಡೋಣ.” ಇಬ್ಬರೂ ಕೂತು ಓದಿದೆವು. 7 ಹಾಕಿದೆವು. ಒತ್ತಡದ ಗಾಳಿಯಲ್ಲಿ ಕಿಡಿ ಆರದಿರಲೆಂದು ಗ್ಯಾಪನ್ನು 0.9ರಿಂದ 0.7 ಮಿಲಿಮೀಟರಿಗೆ ಇಳಿಸಿದೆವು. ಐನೂರು ಕಿಲೋಮೀಟರು ಓಡಿದ ಮೇಲೆ ಮಗ ಫೋಟೋ ಕಳುಹಿಸಿದ. ಪಿಂಗಾಣಿ ತಿಳಿಗಂದು, ಹದವಾಗಿ ಬೆಂದ ದೋಸೆಯ ಬಣ್ಣ.

ಬೆಳ್ಳಿ ಚುಕ್ಕೆಯ ಆ ಪ್ಲಗ್ಗುಗಳಲ್ಲಿ ಒಂದನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಯಾರಾದರೂ ಸಲಹೆ ಕೇಳಿದರೆ ಮೊದಲು ಅದರ ಕಡೆ ನೋಡುತ್ತೇನೆ. ಆಮೇಲೆ ಬಾಯಿ ತೆರೆಯುತ್ತೇನೆ.