ಅಪ್ಪನಿಗೆ, ಉಲ್ಲಾಪೂಲಿನಿಂದ

ಉಲ್ಲಾಪೂಲ್, ಸ್ಕಾಟ್ಲೆಂಡ್
ಅಕ್ಟೋಬರ್ ಕೊನೆ, ರಾತ್ರಿ ಎರಡು ಗಂಟೆ



ನಾವಿಬ್ಬರೂ ಕ್ಷೇಮ. ಮೊದಲು ಅಮ್ಮನಿಗೆ ಇಷ್ಟು ಓದಿ ಹೇಳಿ: ಕ್ಯಾರವಾನ್ ಒಳಗೆ ಈಗ ಬೆಚ್ಚಗಿದೆ. ನಿನ್ನೆ ಫೋನಿನಲ್ಲಿ ‘ಹೀಟರ್ ಕೆಟ್ಟಿದೆ’ ಅನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಅಷ್ಟನ್ನೇ ಕೇಳಿ ಅವಳು ನಿದ್ದೆ ಮಾಡಿರುವುದಿಲ್ಲ, ನನಗೆ ಗೊತ್ತು. ಈಗ ಕಾಲ ಬಳಿಯ ಕಿಂಡಿಯಿಂದ ಬಿಸಿ ಗಾಳಿ ಬರುತ್ತಿದೆ, ಇವರು ಕಂಬಳಿ ಒದ್ದು ಮಲಗಿದ್ದಾರೆ.

ಊರು ಚೆನ್ನಾಗಿದೆ. ಹೆರಿಂಗ್ ಮೀನುಗಾರಿಕೆಗೆಂದೇ 1788ರಲ್ಲಿ ಕಟ್ಟಿದ ಊರು. ದಡದುದ್ದಕ್ಕೂ ಬಿಳಿ ಮನೆಗಳು, ಸ್ಟಾರ್ನೋವೇಗೆ ಹೋಗುವ ದೊಡ್ಡ ಹಡಗು. ಫೋಟೋ ತಮ್ಮನ ಫೋನಿಗೆ ಕಳಿಸಿದ್ದೇನೆ. ನಿಮಗೆ ಬರೆಯಬೇಕಾದ್ದು ಹೀಟರ್ ವಿಷಯ.

ಇದು ಡೀಸೆಲ್ ಹೀಟರ್. ಹತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಟ್ಯಾಂಕಿನಿಂದ ಪುಟ್ಟ ಪಂಪೊಂದು ಟಕ್ ಟಕ್ ಎಂದು ಸ್ವಲ್ಪ ಸ್ವಲ್ಪವೇ ಎಣ್ಣೆ ಕಳಿಸುತ್ತದೆ, ಗ್ಲೋ ಪ್ಲಗ್ ಹೊತ್ತಿಸುತ್ತದೆ. ಹೊಗೆ ಗಾಡಿಯ ಅಡಿಯ ಕೊಳವೆಯಿಂದ ಹೊರಕ್ಕೆ ಹೋಗುತ್ತದೆ, ನಮಗೆ ಬರುವ ಗಾಳಿಯ ದಾರಿಯೇ ಬೇರೆ. ಅಮ್ಮ ಕೇಳಿಯೇ ಕೇಳುತ್ತಾಳೆ, ಅದಕ್ಕೆ ಬರೆಯುತ್ತೇನೆ: ಕಾರ್ಬನ್ ಮೊನಾಕ್ಸೈಡ್ ಬಂದರೆ ಕೂಗುವ ಅಲಾರಂ ಹಾಸಿಗೆ ಪಕ್ಕದಲ್ಲೇ ಇದೆ.

ಮೊನ್ನೆಯಿಂದ ಪಂಪೇನೋ ಬಡಿಯುತ್ತಿತ್ತು. ಹೊರಗೆ ಬಿಳಿ ಹೊಗೆ ಬಂದು ಹೀಟರ್ ನಿಂತುಬಿಡುತ್ತಿತ್ತು. ಗಾಡಿ ಮಾರಿದವರು ಬೇಸಿಗೆಯೆಲ್ಲ ಅರ್ಧ ಟ್ಯಾಂಕು ಡೀಸೆಲ್ ಹಾಗೇ ಬಿಟ್ಟಿದ್ದರಂತೆ. ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಟ್ಯಾಂಕಿನ ಗೋಡೆಯ ಮೇಲೆ ಬೆವರಿ ತಳಕ್ಕಿಳಿಯುತ್ತದೆ. ಇಲ್ಲಿನ ಡೀಸೆಲ್‌ಗೆ ಶೇಕಡಾ 7ರವರೆಗೆ ಜೈವಿಕ ಡೀಸೆಲ್ ಬೆರೆಸುತ್ತಾರೆ. ಅದು ನೀರನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ.

ಪಕ್ಕದ ಗಾಡಿಯವರೊಬ್ಬರು, ಮೀನುದೋಣಿಗಳ ಎಂಜಿನ್ ನೋಡಿಕೊಂಡು ವಯಸ್ಸಾದವರು, ಆ ಬಿಳಿ ಹೊಗೆ ಕಂಡು ಕರೆಯದೆಯೇ ಬಂದರು. ದೋಣಿಗಳಲ್ಲೂ ಇಂಥದೇ ಹೀಟರಂತೆ. ಸ್ಪ್ಯಾನರ್ ಹಿಡಿದು ಹೀಟರ್ ಬಿಚ್ಚಲು ಕೂತಿದ್ದ ಇವರನ್ನು ತಡೆದು, ‘ಮೊದಲು ಟ್ಯಾಂಕು’ ಅಂದರು. ಕೈಪಂಪಿನಿಂದ ತಳದ ಎಣ್ಣೆ ಎಳೆದು ಗಾಜಿನ ಜಾಡಿಗೆ ತುಂಬಿ ಮೆಟ್ಟಿಲ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಕೆಳಗೆ ನೀರು ನಿಂತಿತು, ಮೇಲೆ ಡೀಸೆಲ್, ನಡುವೆ ಕಂದು ಲೋಳೆ. ಅದು ಬರೀ ಕೊಳೆಯಲ್ಲ ಅಪ್ಪ, ಜೀವ ಇರುವಂಥದ್ದು. ನೀರು, ಎಣ್ಣೆ ಸೇರುವ ಗೆರೆಯಲ್ಲಿ ಬದುಕಿ ಡೀಸೆಲನ್ನೇ ತಿನ್ನುವ ಬ್ಯಾಕ್ಟೀರಿಯಾ, ಬೂಷ್ಟು. ಫಿಲ್ಟರ್ ಕಟ್ಟಿಕೊಂಡಿದ್ದು ಅದರಿಂದಲೇ.

ತೋಟದ ಪಂಪ್‌ಸೆಟ್ಟನ್ನು ಮಳೆಗಾಲ ಕಳೆದ ಮೇಲೆ ಟ್ಯಾಂಕಿನ ತಳ ಬಸಿಯದೆ ನೀವು ಚಾಲು ಮಾಡಿದ್ದೇ ಇಲ್ಲ. ಅದನ್ನು ಅವರಿಗೆ ಹೇಳಿದೆ. ‘ನಿಮ್ಮ ತಂದೆಗೆ ಎಂಜಿನ್ ಗೊತ್ತು’ ಅಂದರು. ನನಗೆ ತುಂಬ ಹೆಮ್ಮೆಯಾಯಿತು.

ಆಮೇಲೆ ಟ್ಯಾಂಕು ಬಿಚ್ಚಿ, ಒಂದಿಷ್ಟು ಹೊಸ ಡೀಸೆಲ್ ಹಾಕಿ ಕುಲುಕಿ ಕ್ಯಾನಿಗೆ ಸುರಿಯುವುದು. ಲೋಳೆ ಬಿಡುವ ತನಕ ಅದೇ ಕೆಲಸ. ಸೋಪು, ನೀರು ಸೋಕಿಸುವ ಹಾಗಿಲ್ಲ. ಬಾಯಿ ಕಿರಿದು, ಕೈ ಹೋಗುವುದಿಲ್ಲ. ನೂಲು ಬಿಡದ ಬಟ್ಟೆಯನ್ನು ಕೋಲಿಗೆ ಸುತ್ತಿ ಮೂಲೆಮೂಲೆ ನಾನೇ ಒರೆಸಿದೆ. ಹೊಸ ಫಿಲ್ಟರನ್ನು ಬಾಣದ ಗುರುತು ಪಂಪಿನ ಕಡೆ ಬರುವಂತೆ ಕೂರಿಸಿದರು, ಬಿರುಕುಬಿಟ್ಟ ರಬ್ಬರ್ ತುಂಡುಗಳನ್ನು ಬದಲಿಸಿದರು. ಪಂಪು ಅಡ್ಡಡ್ಡ ಮಲಗಿತ್ತು. ಗಾಳಿಗುಳ್ಳೆ ಒಳಗೆ ಸಿಕ್ಕಿಕೊಳ್ಳದಂತೆ, ಎಣ್ಣೆ ಹೊರಬೀಳುವ ತುದಿ ಮೇಲಾಗುವ ಹಾಗೆ ಅದನ್ನು ಓರೆಯಾಗಿ ಕಟ್ಟಿದರು. ಹೊಲಸು ಡೀಸೆಲನ್ನು ತ್ಯಾಜ್ಯ ಕೇಂದ್ರಕ್ಕೆ ತಾವೇ ಒಯ್ಯುತ್ತೇವೆಂದು ಕ್ಯಾನು ಇಟ್ಟುಕೊಂಡರು.

ಅಂದಹಾಗೆ, ಅಡಿಕೆ ಕೊಯ್ಲಿಗೆ ಕೊನೆಗೌಡ ಬಂದನಾ? ಸೊಸೈಟಿ ಕಂತಿನ ದುಡ್ಡು ತಮ್ಮನ ಖಾತೆಗೆ ಹಾಕಿದ್ದೇನೆ, ರಶೀದಿ ಜೋಪಾನ ಮಾಡಲಿ. ಅಮ್ಮನ ಕಣ್ಣಿನ ಆಪರೇಷನ್ನನ್ನು ದಯವಿಟ್ಟು ಹಬ್ಬ, ಕೊಯ್ಲು ಅಂತ ಮುಂದೂಡಬೇಡಿ.

ಇತ್ತ ಹೀಟರ್ ಮೊದಲ ಸಲ ಹೊತ್ತಲಿಲ್ಲ. ಪೈಪಿನಲ್ಲಿದ್ದ ಗುಳ್ಳೆಗಳು ಸರಿದುಹೋದ ಮೇಲೆ ಎರಡನೇ ಸಲಕ್ಕೆ ಗುರ್ರೆಂದಿತು. ಸದಾ ಸಣ್ಣ ಉರಿಯಲ್ಲಿಟ್ಟರೆ ಒಳಗೆ ಮಸಿ ಕಟ್ಟುತ್ತದೆ, ಆಗಾಗ ಅರ್ಧ ಗಂಟೆ ಪೂರ್ತಿ ಉರಿಯಲ್ಲಿ ಓಡಿಸಿ ಅಂದರು. ಆರಿಸಿದ ಮೇಲೂ ಫ್ಯಾನು ತಾನಾಗಿ ನಿಲ್ಲುವ ತನಕ ಬ್ಯಾಟರಿ ತಂತಿ ತೆಗೆಯಬಾರದು.

ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಸಂಜೆ ಅವರ ಹೆಂಡತಿ ಪಾತ್ರೆ ತುಂಬ ಸೂಪು ಹಿಡಿದು ಬಂದರು. ನಾವು ಮಾಂಸ ತಿನ್ನುವುದಿಲ್ಲವೆಂದು ಕೇಳಿ ತಿಳಿದು, ಹಂದಿ ಮೂಳೆ ಹಾಕದೆ ಬೇರೆಯೇ ಬೇಯಿಸಿದ್ದರು: ಮಸೂರ ಬೇಳೆ, ಕ್ಯಾರೆಟ್, ಈರುಳ್ಳಿ, ಮೆಣಸಿನ ಪುಡಿಯ ಬದಲು ಕಾಳುಮೆಣಸು. ಒಗ್ಗರಣೆ ಇಲ್ಲದಿದ್ದರೂ ಆ ಚಳಿಯಲ್ಲಿ ಅಮೃತ. ನಾನು ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ತೆಗೆದೆ. ಆತ ಮಿಡಿಯನ್ನು ಇಡಿಯಾಗಿ ಬಾಯಿಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಇನ್ನೊಂದು ಕೇಳಿದರು. ಅಮ್ಮನಿಗೆ ತಪ್ಪದೆ ಹೇಳಿ. ಅರ್ಧ ಬಾಟಲಿ ಅಲ್ಲಿಗೇ ಕೊಟ್ಟುಬಿಟ್ಟೆ.

ನಾಳೆ ಲಾಕಿನ್ವರ್ ಕಡೆಗೆ. ಟ್ಯಾಂಕು ತುಂಬಿಸಿಕೊಂಡೇ ಹೊರಡುತ್ತೇವೆ, ಖಾಲಿ ಜಾಗ ಕಡಿಮೆಯಿದ್ದಷ್ಟೂ ಬೆವರು ಕಡಿಮೆ. ಚಳಿ ಹೆಚ್ಚಾದರೆ ಡೀಸೆಲ್‌ನಲ್ಲಿ ಮೇಣ ಕಟ್ಟುತ್ತದೆ, ಆಗ ಸೀಮೆಎಣ್ಣೆ ಬೆರೆಸಬಹುದು, ಮಸಿಯೂ ಕಡಿಮೆ ಅಂತಾರೆ. ಆದರೆ ಸೀಮೆಎಣ್ಣೆಗೆ ಜಿಡ್ಡು ಸಾಲದಲ್ಲ, ಪಂಪು ಸವೆಯುವುದಿಲ್ಲವೇ? ನಿಮ್ಮನ್ನೇ ಕೇಳಬೇಕೆಂದಿದ್ದೆ, ನಮ್ಮ ಪಂಪ್‌ಸೆಟ್ಟಿಗೆ ನೀವು ಸೀಮೆಎಣ್ಣೆ ಹಾಕುತ್ತಿದ್ದಾಗ ಅದರ ಜೊತೆಗೆ ಒಂದು ಚೂರು ಬೇರೇನಾದರೂ ಬೆರೆಸುತ್ತಿದ್ದಿರಾ?